ಪಿಸ್ತೂಲು ಕೈಕೊಟ್ಟ ದಿನ ಕಂಪನಿ ಏನು ಮಾಡುತ್ತದೆ?

ಅಮೆರಿಕದ ಗನ್ ಅಂಗಡಿಗೆ ಮೊದಲ ಸಲ ಹೋದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಯಾವ ಕಂಪನಿಯ ಪಿಸ್ತೂಲು ಒಳ್ಳೇದು?" ಹೀಗೆ ಕೇಳಿದರೆ ಸಿಗುವುದು ಅಂಗಡಿಯವನ ಇಷ್ಟಾನಿಷ್ಟ ಮಾತ್ರ. ಅದನ್ನೇ ಮೂರು ಪ್ರಶ್ನೆ ಮಾಡಿಕೊಳ್ಳಿ. ಟ್ರಿಗರ್ ಎಳೆದಾಗ ಗುಂಡು ಹಾರುತ್ತದೆಯೇ? ಎಳೆಯದೆ ಇದ್ದಾಗ ಸುಮ್ಮನಿರುತ್ತದೆಯೇ? ಈ ಎರಡರಲ್ಲಿ ಒಂದು ತಪ್ಪಿದ ದಿನ ಕಂಪನಿ ಏನು ಮಾಡುತ್ತದೆ? ನನ್ನ ಲೆಕ್ಕದಲ್ಲಿ ಇವತ್ತಿನ ಒಳ್ಳೆಯ ಕಂಪನಿಗಳ ನಡುವೆ ಮೊದಲ ಪ್ರಶ್ನೆಯಲ್ಲಿ ಹೆಚ್ಚು ಅಂತರ ಉಳಿದಿಲ್ಲ. ಅಂತರ ಕಾಣುವುದು ಎರಡನೆಯದರಲ್ಲಿ, ಅದಕ್ಕಿಂತ ಹೆಚ್ಚಾಗಿ ಮೂರನೆಯದರಲ್ಲಿ.

ಮೂರನೆಯದಕ್ಕೆ ಇಷ್ಟು ತೂಕ ಏಕೆ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕಾರಿನ ಬ್ರೇಕಿನಲ್ಲಿ ದೋಷವಿದ್ದರೆ ಅದನ್ನು ಹಿಂದಕ್ಕೆ ಕರೆಸುವಂತೆ ಕಂಪನಿಗೆ ಆದೇಶ ಕೊಡಲು ಅಮೆರಿಕದಲ್ಲಿ ಸರ್ಕಾರದ ಸಂಸ್ಥೆ ಇದೆ. ಮಿಕ್ಸಿ, ಮಗುವಿನ ತೊಟ್ಟಿಲು, ಆಟಿಕೆ, ಇವಕ್ಕೆಲ್ಲ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಇದೆ. ಆದರೆ 1970ರ ದಶಕದಲ್ಲಿ ಆ ಆಯೋಗವನ್ನು ಕಟ್ಟುವಾಗಲೇ ಬಂದೂಕು ಮತ್ತು ತೋಟಾಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟರು. ಹಾಗಾಗಿ ಪಿಸ್ತೂಲಿನಲ್ಲಿ ದೋಷ ಕಂಡರೆ ಅದನ್ನು ವಾಪಸ್ ಕರೆಸು ಎಂದು ಕಂಪನಿಗೆ ಹೇಳುವ ಅಧಿಕಾರ ಆ ಆಯೋಗಕ್ಕಿಲ್ಲ. ಕರೆಸುವುದು, ಬಿಡುವುದು, ಕರೆಸಿದರೆ ಅದಕ್ಕೆ ಯಾವ ಹೆಸರಿಡುವುದು, ಎಲ್ಲವೂ ಕಂಪನಿಯ ಇಚ್ಛೆ. ಕೋರ್ಟಿಗೆ ಹೋಗುವ ದಾರಿ ಇದೆ, ಅದಕ್ಕೆ ವರ್ಷಗಳು ಹಿಡಿಯುತ್ತವೆ. ಇಂಥ ಕಡೆ ಗ್ರಾಹಕ ಸೇವೆಯೇ ಸುರಕ್ಷತೆಯ ಒಂದು ಭಾಗ.

ಇನ್ನು ಯಂತ್ರದ ಒಳಗೆ ಏನಾಗುತ್ತದೆ ನೋಡೋಣ. ಇದು ಗೊತ್ತಿಲ್ಲದಿದ್ದರೆ ಬ್ರ್ಯಾಂಡಿನ ದೂರುಗಳನ್ನು ಜರಡಿ ಹಿಡಿಯಲು ಆಗುವುದಿಲ್ಲ.

ಇಂದಿನ ಬಹಳಷ್ಟು ಪಿಸ್ತೂಲುಗಳಲ್ಲಿ ಟ್ರಿಗರ್ ಎಳೆದೊಡನೆ ಸ್ಟ್ರೈಕರ್ ಎಂಬ ಮೊಳೆ ಮುಂದೆ ನುಗ್ಗಿ ತೋಟಾದ ಬುಡದಲ್ಲಿರುವ ಪ್ರೈಮರ್ ಎಂಬ ಕಿಡಿಮದ್ದನ್ನು ಕುಟ್ಟುತ್ತದೆ. ಮದ್ದು ಉರಿದು ಗುಂಡು ನಳಿಗೆ ದಾಟುತ್ತದೆ. ಅದರ ಹಿಂದೊದೆತಕ್ಕೆ ನಳಿಗೆ ಮತ್ತು ಅದರ ಮೇಲಿನ ಸ್ಲೈಡ್ ಎಂಬ ಕವಚ ಒಂದಕ್ಕೊಂದು ಕಚ್ಚಿಕೊಂಡೇ ಕೆಲವು ಮಿಲಿಮೀಟರ್ ಹಿಂದೆ ಸರಿಯುತ್ತವೆ. ಅಲ್ಲಿ ನಳಿಗೆಯ ಹಿಂಭಾಗ ಕೆಳಗೆ ಬಾಗಿ ಹಿಡಿತ ಬಿಡುತ್ತದೆ, ಸ್ಲೈಡ್ ಒಂದೇ ಮುಂದುವರಿದು ಹಿಂದಕ್ಕೆ ಹೋಗುತ್ತದೆ. ಎಕ್ಸ್‌ಟ್ರಾಕ್ಟರ್ ಎಂಬ ಪುಟ್ಟ ಕೊಕ್ಕೆ ತೋಟಾದಲ್ಲಿ ಉಳಿದ ಖಾಲಿ ಕೋಶದ ಅಂಚನ್ನು ಹಿಡಿದು ಎಳೆದು ತರುತ್ತದೆ. ಇಜೆಕ್ಟರ್ ಎಂಬ ಸಣ್ಣ ಕಡ್ಡಿಗೆ ಬಡಿದು ಆ ಕೋಶ ಆಚೆ ಹಾರುತ್ತದೆ. ಈಗ ರಿಕಾಯಿಲ್ ಸ್ಪ್ರಿಂಗ್ ಸ್ಲೈಡನ್ನು ಮುಂದಕ್ಕೆ ದೂಡುತ್ತದೆ. ಸ್ಲೈಡ್ ಬಂದು ಸೇರುವುದರೊಳಗೆ ತೋಟಾ ತುಂಬಿದ ಮ್ಯಾಗಝೀನಿನ ಸ್ಪ್ರಿಂಗು ಮುಂದಿನ ತೋಟಾವನ್ನು ಮೇಲಕ್ಕೆತ್ತಿ ನಿಲ್ಲಿಸಿರಬೇಕು. ಒಂದು ಸ್ಪ್ರಿಂಗಿಗೂ ಇನ್ನೊಂದು ಸ್ಪ್ರಿಂಗಿಗೂ ನಡುವಿನ ಓಟ ಇದು. ಮ್ಯಾಗಝೀನಿನದು ಸೋತರೆ ಸ್ಲೈಡ್ ಖಾಲಿ ಚೇಂಬರಿನ (ನಳಿಗೆಯಲ್ಲಿ ತೋಟಾ ಕೂರುವ ಗೂಡು) ಮೇಲೆ ಮುಚ್ಚಿಕೊಳ್ಳುತ್ತದೆ, ಅಥವಾ ತೋಟಾ ಓರೆಯಾಗಿ ಸಿಕ್ಕಿಕೊಳ್ಳುತ್ತದೆ.

ಹಾಗಾಗಿ ಪಿಸ್ತೂಲು ನಿಂತುಹೋದರೆ ನೋಡಬೇಕಾದ ಕ್ರಮ ಹೀಗೆ: ಮೊದಲು ಮ್ಯಾಗಝೀನ್, ಆಮೇಲೆ ತೋಟಾ, ಆಮೇಲೆ ಹಿಡಿದ ಕೈ, ಕೊನೆಗೆ ಪಿಸ್ತೂಲು. ಬಹಳ ಮಂದಿ ಕೊನೆಯದರಿಂದ ಶುರು ಮಾಡಿ ಬ್ರ್ಯಾಂಡನ್ನು ಬೈದು ಮುಗಿಸುತ್ತಾರೆ.

ಮ್ಯಾಗಝೀನ್ ಎಷ್ಟು ಕೆಲಸ ಕೆಡಿಸಬಲ್ಲದು ಎನ್ನುವುದಕ್ಕೆ ಇಟಲಿಯ ಬೆರೆಟಾ ಕಂಪನಿಯ ಉದಾಹರಣೆ ಸಾಕು. ಬೆರೆಟಾ 92ನ್ನು ಅಮೆರಿಕದ ಸೇನೆ 1985ರಲ್ಲಿ ಎಂ9 ಎಂದು ಆರಿಸಿಕೊಂಡಿತು. ಇರಾಕ್ ಯುದ್ಧದ ಹೊತ್ತಿಗೆ ಸೈನಿಕರಿಂದ ಒಂದೇ ದೂರು: ಮರಳಿನಲ್ಲಿ ಈ ಪಿಸ್ತೂಲು ನಿಂತುಹೋಗುತ್ತದೆ. ನೋಡಿದರೆ ತೊಂದರೆ ಇದ್ದದ್ದು ಬೇರೊಬ್ಬ ಗುತ್ತಿಗೆದಾರ ಸೇನೆಯ ನಿರ್ದಿಷ್ಟತೆಯ ಪ್ರಕಾರವೇ ಮಾಡಿಕೊಟ್ಟ ಮ್ಯಾಗಝೀನುಗಳಲ್ಲಿ. ಅವುಗಳ ಒಳಗೋಡೆಗೆ ಒರಟಾದ ಫಾಸ್ಫೇಟ್ ಲೇಪನವಿತ್ತು. ಆ ಒರಟಿನಲ್ಲಿ ನುಣ್ಣನೆಯ ಮರಳು ಕೂತು ತೋಟಾಗಳು ಮೇಲೇರದೆ ಅಂಟಿಕೊಂಡವು. ಒಳಗೆ ನುಣುಪಾದ ಒಣ ಲೇಪನ ಹಾಕಿದ ಮ್ಯಾಗಝೀನ್ ಬಂದ ಮೇಲೆ ಅದೇ ಪಿಸ್ತೂಲು ಸರಿಯಾಯಿತು. ಆದರೆ ಅಷ್ಟರೊಳಗೆ "ಬೆರೆಟಾ ಮರಳಿಗಾಗದು" ಎಂಬ ಮಾತು ಊರೆಲ್ಲ ಸುತ್ತಿ ಆಗಿತ್ತು.

ಬೆರೆಟಾ ತಾನೇ ತಿದ್ದಿಕೊಳ್ಳಬೇಕಾದ ದೋಷವೂ ಇತ್ತು, ಅದನ್ನೂ ಹೇಳಬೇಕು. 1980ರ ದಶಕದ ಕೊನೆಯಲ್ಲಿ ಸೇನೆಯ ಕೆಲವು ಪಿಸ್ತೂಲುಗಳ ಸ್ಲೈಡ್ ಮಧ್ಯಕ್ಕೆ ಬಿರುಕು ಬಿಟ್ಟು, ಹಿಂಭಾಗ ಕಿತ್ತು ಹಾರಿ ಹೊಡೆಯುವವರ ಮುಖಕ್ಕೆ ಬಡಿಯಿತು. ಕಾರಣದ ಬಗ್ಗೆ ವಾದವಿವಾದ ಏನೇ ಇರಲಿ, ತಿದ್ದುಪಡಿ ಮಾತ್ರ ಜಾಣತನದ್ದು. ಹ್ಯಾಮರಿನ (ಸ್ಟ್ರೈಕರಿನ ಬದಲು ಇದರಲ್ಲಿರುವ ಕುಟ್ಟುವ ಸುತ್ತಿಗೆ) ಪಿನ್ನಿನ ತಲೆಯನ್ನು ದೊಡ್ಡದು ಮಾಡಿ, ಸ್ಲೈಡಿನ ಒಳಗೆ ಅದಕ್ಕೆ ಸರಿಯಾದ ತೋಡು ಕೊರೆದರು. ಸ್ಲೈಡ್ ಮುರಿದರೂ ಹಿಂದಕ್ಕೆ ಹಾರಲಾರದು, ಆ ಪಿನ್ನು ತಡೆಯುತ್ತದೆ. ಇಂದು ಅಂಗಡಿಯಲ್ಲಿ ಕಾಣುವ 92ಎಫ್‌ಎಸ್ ಇದೇ. ಅದರಲ್ಲಿ ಈಗ ಸವೆಯುವ ಭಾಗ ಎಂದರೆ ನಳಿಗೆಯನ್ನು ಸ್ಲೈಡಿಗೆ ಕಚ್ಚಿಸಿ ಹಿಡಿಯುವ, ನಳಿಗೆಯ ಕೆಳಗಿನ ಲಾಕಿಂಗ್ ಬ್ಲಾಕ್. ಅದರ ಎರಡು ರೆಕ್ಕೆಗಳ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಬದಲಾಯಿಸಬೇಕು. ಹಳೆಯ 92 ಕೊಳ್ಳುವವರು ನಳಿಗೆ ಹೊರತೆಗೆದು ಆ ಜಾಗವನ್ನು ಬೆಳಕಿಗೆ ಹಿಡಿದು ನೋಡದೆ ಹಣ ಕೊಡಬೇಡಿ.

ತೋಟಾ ಮತ್ತು ಕೈಯ ಪಾತ್ರ ಎಷ್ಟು ದೊಡ್ಡದು ಎನ್ನುವುದಕ್ಕೆ ಸೇನೆಯದೇ ಇನ್ನೊಂದು ಉದಾಹರಣೆ ಕೊಡುತ್ತೇನೆ. 2017ರ ಜನವರಿಯಲ್ಲಿ ಅಮೆರಿಕದ ಸೇನೆ ಬೆರೆಟಾ ಬಿಟ್ಟು ಸಿಗ್ ಸಾವರ್ ಕಂಪನಿಯ ಪಿ320 ಪಿಸ್ತೂಲಿನ ರೂಪವನ್ನು ಎಂ17 ಎಂದು ಆರಿಸಿತು. ಆ ವರ್ಷದ ಪರೀಕ್ಷಾ ವರದಿ ಸಾರ್ವಜನಿಕವಾಗಿದೆ. ಟೊಳ್ಳು ಮೂತಿಯ ವಿಶೇಷ ತೋಟಾದಲ್ಲಿ ಸರಾಸರಿ 708 ಗುಂಡಿಗೊಮ್ಮೆ ಪಿಸ್ತೂಲು ನಿಂತಿತು. ಸಾಮಾನ್ಯ ದುಂಡು ಮೂತಿಯ ತೋಟಾದಲ್ಲಿ 343ಕ್ಕೊಮ್ಮೆ. ಪಿಸ್ತೂಲು ಅದೇ, ಸೈನಿಕರೂ ಅವರೇ, ತೋಟಾ ಬದಲಾಗಿದ್ದಕ್ಕೆ ಅರ್ಧಕ್ಕರ್ಧ ವ್ಯತ್ಯಾಸ. ಇದಲ್ಲದೆ ಹೀಗೆ ನಿಂತುಹೋದ ತಡೆಗಳಲ್ಲಿ ಬಹಳಷ್ಟಕ್ಕೆ ಕಾರಣ ಹೆಬ್ಬೆರಳು. ಪಿಸ್ತೂಲನ್ನು ಎತ್ತರಕ್ಕೆ ಹಿಡಿಯುವ ಅಭ್ಯಾಸವಿದ್ದವರ ಹೆಬ್ಬೆರಳು ಸ್ಲೈಡ್ ನಿಲ್ಲಿಸುವ ಸಣ್ಣ ಸನ್ನೆಯ ಮೇಲೆ ಕೂತಿತ್ತು. ಹಾಗಾಗಿ ಕೊನೆಯ ಗುಂಡು ಹಾರಿದ ಮೇಲೆ ಸ್ಲೈಡ್ ತೆರೆದು ನಿಲ್ಲಲಿಲ್ಲ. ನಿಮ್ಮ ಪಿಸ್ತೂಲು ಕೊನೆಯ ಗುಂಡಿನ ನಂತರ ತೆರೆದು ನಿಲ್ಲುತ್ತಿಲ್ಲವೇ? ಕಂಪನಿಗೆ ಫೋನು ಮಾಡುವ ಮೊದಲು ಬೇರೊಬ್ಬರ ಕೈಯಲ್ಲಿ ಒಂದು ಮ್ಯಾಗಝೀನ್ ಹೊಡೆಸಿ ನೋಡಿ.

ಈಗ ಬ್ರ್ಯಾಂಡುಗಳಿಗೆ ಬರುತ್ತೇನೆ. ಎಲ್ಲವನ್ನೂ ಸಮಸಮವಾಗಿ ಹೇಳುವುದಿಲ್ಲ. ಕಲಿಯಲು ಹೆಚ್ಚು ಇರುವ ಕಡೆ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಗ್ಲಾಕ್ ಆಸ್ಟ್ರಿಯಾದ್ದು. 1982ರಲ್ಲಿ ಆ ದೇಶದ ಸೇನೆ ಅದನ್ನು ಪಿ80 ಎಂದು ತೆಗೆದುಕೊಂಡಿತು. ಅಮೆರಿಕದ ಶಾಖೆ ಇರುವುದು ಜಾರ್ಜಿಯಾದ ಸ್ಮಿರ್ನಾದಲ್ಲಿ. ಇದರ ಹಿರಿಮೆ ಎಂದರೆ ಬಿಡಿಭಾಗಗಳು ಕಡಿಮೆ, ಒಂದು ಪಿನ್ ತಳ್ಳುವ ಉಪಕರಣದಲ್ಲಿ ಹೆಚ್ಚುಕಡಿಮೆ ಪೂರ್ತಿ ಬಿಚ್ಚಬಹುದು, ಭಾಗಗಳು ಯಾವ ಊರಿನಲ್ಲೂ ಸಿಗುತ್ತವೆ. ಹೀಗೆಂದು ಗ್ಲಾಕ್ ತಪ್ಪೇ ಮಾಡಿಲ್ಲ ಎಂದಲ್ಲ. ನಾಲ್ಕನೆಯ ತಲೆಮಾರಿನ ಪಿಸ್ತೂಲು 2010ರಲ್ಲಿ ಬಂದಾಗ ಜೋಡಿ ರಿಕಾಯಿಲ್ ಸ್ಪ್ರಿಂಗು ಬಿಗಿಯಾಗಿತ್ತು. ಸೌಮ್ಯವಾದ ಅಭ್ಯಾಸದ ತೋಟಾದಲ್ಲಿ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಖಾಲಿ ಕೋಶ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. 2011ರಲ್ಲಿ ಕಂಪನಿ ಹೊಸ ಸ್ಪ್ರಿಂಗನ್ನು ಉಚಿತವಾಗಿ ಬದಲಿಸಿಕೊಟ್ಟಿತು. ಅದೇ ಕಾಲದ ಇನ್ನೊಂದು ದೂರು, ಖಾಲಿ ಕೋಶ ಬಲಕ್ಕೆ ಹೋಗದೆ ಹೊಡೆಯುವವರ ಹಣೆಗೆ ಬಂದು ಬೀಳುವುದು. ಆಗ ಇಜೆಕ್ಟರನ್ನು ಬದಲಾಯಿಸಿದರು: ಹಳೆಯದರ ಮೇಲೆ 336 ಎಂದಿರುತ್ತದೆ, ಹೊಸದರ ಮೇಲೆ 30274. ಆ ಕಾಲದ 9 ಎಂಎಂ ಗ್ಲಾಕನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಸ್ಲೈಡ್ ತೆಗೆದು ಈ ಸಂಖ್ಯೆಯನ್ನೊಮ್ಮೆ ನೋಡಿಕೊಳ್ಳಿ. ಕಾಗದದ ಮೇಲೆ ಗ್ಲಾಕಿನ ವಾರಂಟಿ ಒಂದೇ ವರ್ಷದ್ದು. ಆದರೂ ಅದಾದ ಮೇಲೆ ಕೈಬಿಟ್ಟರು ಎಂಬ ದೂರು ಕೇಳುವುದು ಅಪರೂಪ. ಭಾಗಗಳು ಅಗ್ಗ, ರಿಪೇರಿ ಬಲ್ಲವರು ಎಲ್ಲೆಲ್ಲೂ ಇದ್ದಾರೆ, ಅದಕ್ಕೇ ಆ ಒಂದು ವರ್ಷ ಯಾರನ್ನೂ ಅಷ್ಟಾಗಿ ಕಾಡುವುದಿಲ್ಲ.

ರೂಗರ್ ಇನ್ನೂ ಒಂದು ಹೆಜ್ಜೆ ಮುಂದೆ: ಅದು ವಾರಂಟಿ ಚೀಟಿಯನ್ನೇ ಕೊಡುವುದಿಲ್ಲ. ಹೊಸಬರು ಇದನ್ನು ಕಂಡು ಗಾಬರಿಯಾಗುತ್ತಾರೆ. 1975ರ ಮ್ಯಾಗ್ನುಸನ್–ಮಾಸ್ ಕಾನೂನಿನ ಪ್ರಕಾರ ವಾರಂಟಿಯನ್ನು ಬರೆದು ಕೊಟ್ಟರೆ ಅದರ ಜೊತೆ ಹಲವು ನಿಯಮಗಳು ಅಂಟಿಕೊಳ್ಳುತ್ತವೆ. ಬರೆದು ಕೊಡಲೇಬೇಕು ಎಂದು ಆ ಕಾನೂನು ಹೇಳುವುದಿಲ್ಲ. ಹಾಗಾಗಿ ಕೊಡುವುದಿಲ್ಲ ಎಂದು ರೂಗರ್ ತನ್ನ ಕೈಪಿಡಿಯಲ್ಲೇ ವಿವರಿಸಿದೆ. ಆದರೆ ನಡತೆಯಲ್ಲಿ ನೋಡಿ. ಎಸ್ಆರ್9 ಎಂಬ ಪಿಸ್ತೂಲನ್ನು 2007ರ ಕೊನೆಯಲ್ಲಿ ತಂದರು. ಸೇಫ್ಟಿ ಹಾಕದೆ ಕೆಳಗೆ ಬಿದ್ದರೆ ಗುಂಡು ಹಾರಬಹುದು ಎಂದು ತಿಳಿದಾಗ 2008ರ ಏಪ್ರಿಲ್‌ನಲ್ಲಿ ರಿಕಾಲ್ ಎಂಬ ಪದವನ್ನೇ ಬಳಸಿ ವಾಪಸ್ ಕರೆಸಿದರು. ಅದೇ ವರ್ಷ ಬಂದ ಪುಟ್ಟ ಎಲ್‌ಸಿಪಿಯಲ್ಲೂ ಬಿದ್ದರೆ ಹಾರುವ ಅಪಾಯ ಕಂಡಿತು, ಅಕ್ಟೋಬರಿನಲ್ಲಿ ಅದನ್ನೂ ಕರೆಸಿದರು. ಒಂದೇ ವರ್ಷದಲ್ಲಿ ಎರಡು ರಿಕಾಲ್ ಎಂದರೆ ವಿನ್ಯಾಸದ ಹಂತದಲ್ಲಿ ಎಲ್ಲೋ ಅವಸರವಾಗಿತ್ತು ಎಂದು ಹೇಳಬೇಕಾಗುತ್ತದೆ, ಹೇಳುತ್ತೇನೆ. ಆದರೆ ದೋಷ ಗೊತ್ತಾದ ಮೇಲೆ ಗ್ರಾಹಕರಿಗೆ "ಈಗಲೇ ಬಳಕೆ ನಿಲ್ಲಿಸಿ" ಎಂದು ನೇರವಾಗಿ ಹೇಳಿದ ಕಂಪನಿಯನ್ನು ನಾನು ಮೇಲಿಡುತ್ತೇನೆ. ರೂಗರಿನಲ್ಲಿ ಗೊತ್ತಿರಬೇಕಾದ ಇನ್ನೊಂದು ವಿಷಯ: ಕೆಲವು ಭಾಗಗಳನ್ನು ಕಾರ್ಖಾನೆಯಲ್ಲೇ ಕೂರಿಸಬೇಕು ಎಂದು ಗುರುತು ಹಾಕಿರುತ್ತಾರೆ, ಅವನ್ನು ನಿಮಗೆ ಮಾರುವುದಿಲ್ಲ. ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವ ಆಸೆ ಇದ್ದವರಿಗೆ ಇದು ತೊಡಕು.

ಸ್ಮಿತ್ ಅಂಡ್ ವೆಸ್ಸನ್ 1852ರ ಕಂಪನಿ. ಇಂದಿನ ಎಂ ಅಂಡ್ ಪಿ ಸಾಲು ಶುರುವಾದದ್ದು 2005ರಲ್ಲಿ. ಜೇಬಿನ ಗಾತ್ರದ ಶೀಲ್ಡ್ 2012ರಲ್ಲಿ ಬಂತು. 2013ರ ಆಗಸ್ಟಿನಲ್ಲಿ ಕಂಪನಿ ಒಂದು ಸುರಕ್ಷತಾ ಎಚ್ಚರಿಕೆ ಹೊರಡಿಸಿತು: ಕೆಲವು ಶೀಲ್ಡುಗಳಲ್ಲಿ ಟ್ರಿಗರಿನ ಒಂದು ಪಿನ್ನು, ಬಿದ್ದಾಗ ಕಾಪಾಡಬೇಕಾದ ಟ್ರಿಗರ್ ಸೇಫ್ಟಿಯನ್ನೇ ಕೆಲಸ ಮಾಡದಂತೆ ತಡೆಯಬಹುದು. ಆ ತಿಂಗಳ 19ಕ್ಕೆ ಮುಂಚೆ ತಯಾರಾದದ್ದನ್ನೆಲ್ಲ ಪರೀಕ್ಷಿಸಿ ಎಂದಿತು. ಖಾಲಿ ಪಿಸ್ತೂಲಿನಲ್ಲಿ ಆ ಪರೀಕ್ಷೆಯನ್ನು ಹೇಗೆ ಮಾಡಬೇಕು ಎಂದು ಹೆಜ್ಜೆಹೆಜ್ಜೆಯಾಗಿ ತೋರಿಸಿತು. 2020ರಲ್ಲಿ ಶೀಲ್ಡ್ ಈಝಡ್ 9 ಎಂಎಂ ಪಿಸ್ತೂಲಿನ ಕೆಲವು ಹ್ಯಾಮರುಗಳು ಬಿರುಕು ಬಿಟ್ಟು, ಒಮ್ಮೆ ಎಳೆದರೆ ಒಂದಕ್ಕಿಂತ ಹೆಚ್ಚು ಗುಂಡು ಹಾರುವ ಅಪಾಯ ಕಂಡಿತು. ಆಗಲೂ ಮಾರ್ಚ್ 1ರಿಂದ ಅಕ್ಟೋಬರ್ 31ರವರೆಗೆ ತಯಾರಾದವು ಎಂದು ತಾರೀಖು ಹಾಕಿಯೇ ಹೇಳಿತು. ತಾರೀಖು ಖಚಿತವಾಗಿ ಹೇಳಬಲ್ಲ ಕಂಪನಿ ತನ್ನ ಕಾರ್ಖಾನೆಯ ಲೆಕ್ಕವನ್ನು ಸರಿಯಾಗಿ ಇಟ್ಟಿದೆ ಎಂದೇ ಅರ್ಥ. ನಾನು ಬೆಲೆ ಕೊಡುವುದು ಅಂಥದಕ್ಕೆ. ಇವರ ಜೀವಮಾನದ ಸೇವೆ ಮೊದಲ ಕೊಂಡವರಿಗೆ ಮಾತ್ರ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಮರೆಯಬಾರದು.

ಸಿಗ್ ಸಾವರ್ ಪಿ320 ಹತ್ತಿರ ಸ್ವಲ್ಪ ನಿಲ್ಲಬೇಕು, ಏಕೆಂದರೆ ನನ್ನ ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳೆರಡೂ ಇಲ್ಲಿ ಸೇರುತ್ತವೆ. 2017ರ ಆಗಸ್ಟಿನಲ್ಲಿ, ಪಿಸ್ತೂಲು ಒಂದು ನಿರ್ದಿಷ್ಟ ಓರೆಯಲ್ಲಿ ಸ್ಲೈಡಿನ ಹಿಂಭಾಗ ನೆಲಕ್ಕೆ ತಾಗುವಂತೆ ಬಿದ್ದರೆ ಗುಂಡು ಹಾರುತ್ತದೆ ಎಂದು ತೋರಿಸುವ ವಿಡಿಯೋಗಳು ಬಂದವು. ಏಕೆ ಹಾರುತ್ತದೆ? ಚಲಿಸುವ ಬಸ್ಸು ಗಕ್ಕನೆ ನಿಂತರೆ ನಿಂತಿದ್ದವರು ಮುಂದಕ್ಕೆ ವಾಲುವುದಿಲ್ಲವೇ, ಹಾಗೆ. ಪಿಸ್ತೂಲಿನ ಮೈ ನೆಲಕ್ಕೆ ಬಡಿದು ನಿಂತರೂ ಟ್ರಿಗರ್ ತನ್ನ ಭಾರಕ್ಕೆ ಅದೇ ದಿಕ್ಕಿನಲ್ಲಿ, ಅಂದರೆ ಹಿಂದಕ್ಕೆ, ಚಲಿಸುತ್ತದೆ. ಯಾರೂ ಬೆರಳಿಡದೆ ಟ್ರಿಗರ್ ಎಳೆದಂತಾಯಿತು. ಗ್ಲಾಕ್, ಶೀಲ್ಡುಗಳಲ್ಲಿ ಟ್ರಿಗರಿನ ಮೇಲೆ ಒಂದು ಹೆಚ್ಚಿನ ತಡೆ ಇರುತ್ತದೆ, ಬೆರಳು ಅದನ್ನು ಒತ್ತದೆ ಟ್ರಿಗರ್ ಚಲಿಸುವುದಿಲ್ಲ. ಪಿ320ರಲ್ಲಿ ಅದಿಲ್ಲ. ಕಂಪನಿಯ ಪರಿಹಾರ: ಹಗುರವಾದ ಟ್ರಿಗರ್, ಸಿಯರ್ (ಸ್ಟ್ರೈಕರನ್ನು ಹಿಡಿದಿಡುವ ಕೊಕ್ಕೆ), ಸ್ಟ್ರೈಕರ್, ಜೊತೆಗೆ ಹೊಸದೊಂದು ಡಿಸ್ಕನೆಕ್ಟರ್ (ಸ್ಲೈಡ್ ಪೂರ್ತಿ ಮುಚ್ಚದೆ ಇದ್ದಾಗ ಟ್ರಿಗರಿನ ಕೊಂಡಿ ತಪ್ಪಿಸುವ ಭಾಗ). ಭೌತಶಾಸ್ತ್ರದ ಪ್ರಕಾರ ಸರಿಯಾದ ಪರಿಹಾರವೇ. ಆದರೆ ಅದನ್ನು ರಿಕಾಲ್ ಎನ್ನದೆ "ಸ್ವಯಂಪ್ರೇರಿತ ಅಪ್‌ಗ್ರೇಡ್" ಎಂದರು. ಅಪ್‌ಗ್ರೇಡ್ ಎಂದರೆ ಜನ ಬೇಕಾದರೆ ಮಾಡಿಸಿಕೊಳ್ಳುವಂಥದ್ದು ಎಂದುಕೊಳ್ಳುತ್ತಾರೆ, ಪಿಸ್ತೂಲು ತಿದ್ದುಪಡಿಗೆ ಹೋಗದೆ ಕಪಾಟಿನಲ್ಲೇ ಉಳಿಯುತ್ತದೆ. ಈ ಪದದ ಆಯ್ಕೆ ತಪ್ಪು ಎಂದೇ ನಾನು ಹೇಳುವುದು.

ಅದಾದ ಮೇಲೂ, ಯಾರೂ ಮುಟ್ಟದೆ ಗುಂಡು ಹಾರಿತು ಎಂಬ ದಾವೆಗಳು ನಿಂತಿಲ್ಲ. 2024ರಲ್ಲಿ ಜಾರ್ಜಿಯಾದಲ್ಲೂ ಪೆನ್ಸಿಲ್ವೇನಿಯಾದಲ್ಲೂ ಜ್ಯೂರಿಗಳು ಕಂಪನಿಯ ವಿರುದ್ಧ ತೀರ್ಪು ಕೊಟ್ಟಿವೆ. ಬೇರೆ ಕೆಲವು ಕೋರ್ಟುಗಳಲ್ಲಿ ದಾವೆಗಳು ಬಿದ್ದುಹೋಗಿವೆ. ಟ್ರಿಗರ್ ಎಳೆಯದೆ ಈ ಪಿಸ್ತೂಲು ಹಾರುವುದಿಲ್ಲ ಎಂಬುದು ಕಂಪನಿಯ ನಿಲುವು. ಈ ವಿವಾದವನ್ನು ಈ ವೇದಿಕೆಯಲ್ಲಿ ಬಗೆಹರಿಸಲಾಗದು. ನಿಮ್ಮ ಬಳಿ ಪಿ320 ಇದ್ದರೆ ಮಾಡಬೇಕಾದ್ದು ಇಷ್ಟು. ಸೀರಿಯಲ್ ನಂಬರನ್ನು ಕಂಪನಿಯ ತಾಣದಲ್ಲಿ ಹಾಕಿ ಅಪ್‌ಗ್ರೇಡ್ ಆಗಿದೆಯೇ ನೋಡಿ. ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಒರೆಯಲ್ಲೇ ಇಡಿ. ಹೊರಗಿನ ಟ್ರಿಗರ್ ಭಾಗಗಳನ್ನು ಹಾಕಬೇಡಿ. ಹೊಸದಾಗಿ ಕೊಳ್ಳುವವರಿಗೆ, ಹೆಬ್ಬೆರಳಿನ ಸೇಫ್ಟಿ ಇರುವ ರೂಪವೂ ಇದೆ ಎನ್ನುವುದು ಗೊತ್ತಿರಲಿ.

ಇಲ್ಲಿ ನೀವು ಕೇಳಬೇಕಾದ ಪ್ರಶ್ನೆ: ಇಂಥ ಪಿಸ್ತೂಲು ಬೀಳಿಸುವ ಪರೀಕ್ಷೆಯಲ್ಲಿ ಪಾಸಾದದ್ದು ಹೇಗೆ? ಉದ್ಯಮವೇ ಮಾಡಿಕೊಂಡ ಮಾನದಂಡದ ಪ್ರಕಾರ 4 ಅಡಿ, ಅಂದರೆ ಸುಮಾರು 1.22 ಮೀಟರ್ ಎತ್ತರದಿಂದ ರಬ್ಬರ್ ಹಾಸಿನ ಮೇಲೆ ಬೀಳಿಸುತ್ತಾರೆ. ಕ್ಯಾಲಿಫೋರ್ನಿಯಾ ರಾಜ್ಯ, ತನ್ನಲ್ಲಿ ಮಾರಬಹುದಾದ ಪಿಸ್ತೂಲುಗಳ ಪಟ್ಟಿಗೆ ಸೇರಿಸುವ ಮುನ್ನ 1 ಮೀಟರ್ ಮೇಲೆ 1 ಸೆಂಟಿಮೀಟರ್ ಎತ್ತರದಿಂದ ಕಾಂಕ್ರೀಟಿನ ಮೇಲೆ ಆರು ಭಂಗಿಯಲ್ಲಿ ಬೀಳಿಸುತ್ತದೆ: ನೇರ, ತಲೆಕೆಳಗು, ಹಿಡಿಯ ಮೇಲೆ, ಮೂತಿಯ ಮೇಲೆ, ಪಕ್ಕಕ್ಕೆ, ಹ್ಯಾಮರಿನ ಅಥವಾ ಹಿಂಬದಿಯ ಮೇಲೆ. ಆರು ಭಂಗಿಗಳ ನಡುವೆ ಬರುವ ಓರೆಗಳು ಲೆಕ್ಕಕ್ಕೆ ಬರುವುದಿಲ್ಲ. ನಿಜ ಜೀವನದಲ್ಲಿ ಕೈ ಜಾರಿದ ಪಿಸ್ತೂಲು ಆ ಓರೆಗಳಲ್ಲೇ ಬೀಳುತ್ತದೆ. ಕ್ಯಾಲಿಫೋರ್ನಿಯಾದ ಗುಂಡು ಹಾರಿಸುವ ಪರೀಕ್ಷೆಯೂ ಗೊತ್ತಿರಲಿ: 600 ಗುಂಡು, ಮೊದಲ 20ರಲ್ಲಿ ಒಂದೂ ತಡೆ ಬರಬಾರದು, ಒಟ್ಟು ಆರಕ್ಕಿಂತ ಹೆಚ್ಚು ಬರಬಾರದು. ಅಂದರೆ ನೂರಕ್ಕೊಂದು ನಿಂತರೂ ಪಾಸು. ಸರ್ಕಾರದ ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಮನೆ ಕಾಯಲು ನಂಬಬಹುದು ಎಂದುಕೊಳ್ಳಬೇಡಿ.

ಉಳಿದವುಗಳ ಬಗ್ಗೆ ಬೇಗ ಹೇಳುತ್ತೇನೆ. ಝೆಕ್ ದೇಶದ ಸಿಝಡ್ 75 ಉಕ್ಕಿನ ಮೈಯ ಗಟ್ಟಿ ಪಿಸ್ತೂಲು. ಅದರಲ್ಲಿ ಮುರಿಯುವುದೆಂದರೆ ಸ್ಲೈಡ್ ಸ್ಟಾಪಿನ ಕಡ್ಡಿ. ಅದು ನಳಿಗೆಯ ಕೆಳಗಿನ ಕಣ್ಣಿನ ಮೂಲಕ ಹಾದು ಪ್ರತಿ ಹೊಡೆತದ ಪೆಟ್ಟನ್ನೂ ತಾನೇ ತಿನ್ನುತ್ತದೆ. ಹೆಚ್ಚು ಹೊಡೆಯುವವರು ಒಂದನ್ನು ಚೀಲದಲ್ಲಿ ಇಟ್ಟುಕೊಂಡೇ ಇರುತ್ತಾರೆ. ಹೆಕ್ಲರ್ ಅಂಡ್ ಕೋಖ್ ಯುಎಸ್‌ಪಿ, ವಿಪಿ9 ಎರಡೂ ಬಹಳ ಬಾಳಿಕೆಯವು, ಆದರೆ ಪಿಸ್ತೂಲೂ ದುಬಾರಿ, ಮ್ಯಾಗಝೀನೂ ದುಬಾರಿ. ಬ್ರೆಜಿಲಿನ ಟಾರಸ್ ಅಗ್ಗ. ಅದರ ಹಳೆಯ ಒಂಬತ್ತು ಮಾದರಿಗಳ ಬಗ್ಗೆ, ಬಿದ್ದರೆ ಹಾರುತ್ತವೆ ಎಂದು ಅಮೆರಿಕದಲ್ಲಿ ಸಾಮೂಹಿಕ ದಾವೆ ನಡೆಯಿತು. ಕಂಪನಿ ತಪ್ಪು ಒಪ್ಪದೆಯೇ 2015ರಲ್ಲಿ ರಾಜಿ ಮಾಡಿಕೊಂಡಿತು. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಪಿಟಿ-111, ಪಿಟಿ-140, 24/7 ಹೆಸರಿನವು ಅಗ್ಗಕ್ಕೆ ಕಂಡರೆ ಅವು ಈ ಪಟ್ಟಿಯವು ಎಂದು ತಿಳಿಯಿರಿ. ಇದೇ ಟಾರಸ್ ಜಿಂದಾಲ್ ಬಳಗದ ಜೊತೆ ಸೇರಿ ಹರಿಯಾಣದ ಹಿಸ್ಸಾರಿನಲ್ಲಿ ಕಾರ್ಖಾನೆ ಹಾಕಿದೆ. ರೆಮಿಂಗ್ಟನ್ ಆರ್51 ಮಾತ್ರ ಬೇರೆ ಪಾಠ. 2014ರಲ್ಲಿ ಬಂದು ಕೆಲವೇ ತಿಂಗಳಲ್ಲಿ ದೋಷಕ್ಕೆ ವಾಪಸ್ ಹೋಯಿತು, 2016ರಲ್ಲಿ ತಿದ್ದಿ ತಂದರು. 2018ರಲ್ಲೊಮ್ಮೆ, 2020ರಲ್ಲೊಮ್ಮೆ ಕಂಪನಿಯೇ ದಿವಾಳಿಯಾಗಿ ತುಂಡುತುಂಡಾಗಿ ಮಾರಾಟವಾಯಿತು. ಜೀವಮಾನದ ವಾರಂಟಿ ಎನ್ನುವಾಗ ಯಾರ ಜೀವಮಾನ ಎಂದು ಕೇಳಿಕೊಳ್ಳಿ.

ಊರಿನಿಂದ ಕೇಳುತ್ತಿರುವವರಿಗೆ ಒಂದು ಮಾತು. ಭಾರತದಲ್ಲಿ ಈ ಹೋಲಿಕೆಗೆ ಅವಕಾಶವೇ ಕಡಿಮೆ. 9 ಎಂಎಂ ಅಲ್ಲಿ ನಿಷೇಧಿತ ಬೋರು (ನಳಿಗೆಯ ಅಳತೆ), ಸಾಮಾನ್ಯ ಲೈಸೆನ್ಸಿಗೆ ಸಿಗುವ ಪಿಸ್ತೂಲು .32ರದು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನ ವಿನಾಯಿತಿ 2029ರವರೆಗೆ ಇದೆ. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಯನ್ನು ಇಳಿಸಿ, ಒರೆಸಿ, ಪೂಜೆಗಿಡುವ ಆ ಪದ್ಧತಿಯಲ್ಲಿ ಒಂದು ಪ್ರಯೋಜನವಿದೆ: ಏನೂ ಆಗದಿದ್ದರೂ ವರ್ಷಕ್ಕೊಮ್ಮೆ ಆಯುಧ ಕೈಗೆ ಬಂದು ತುಕ್ಕು ಕಣ್ಣಿಗೆ ಬೀಳುತ್ತದೆ. ಅಮೆರಿಕದಲ್ಲಿರುವವರು ಮೊದಲು ವೀಸಾ ನೋಡಿಕೊಳ್ಳಿ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರಿಗೆ ಬಂದೂಕು ಇಟ್ಟುಕೊಳ್ಳುವುದೇ ಸಾಮಾನ್ಯವಾಗಿ ಅಪರಾಧ, ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿಗಳಿವೆ. ವಕೀಲರನ್ನು ಕೇಳದೆ ಆ ಹೆಜ್ಜೆ ಇಡಬೇಡಿ.

ಕೊಂಡ ಮೇಲೆ ಏನು ಮಾಡಬೇಕು? ಪೆಟ್ಟಿಗೆಯಿಂದ ತೆಗೆದ ಪಿಸ್ತೂಲಿಗೆ ಹಚ್ಚಿರುವುದು ಸಾಮಾನ್ಯವಾಗಿ ತುಕ್ಕು ತಡೆಯುವ ಎಣ್ಣೆ, ಅದನ್ನು ಒರೆಸಿ ಸರಿಯಾದ ಎಣ್ಣೆ ಹಾಕಿ; ಹೊಸ ಗ್ಲಾಕಿನ ಸ್ಲೈಡಿನಲ್ಲಿರುವ ತಾಮ್ರಬಣ್ಣದ ಗ್ರೀಸನ್ನು ಮಾತ್ರ ಒರೆಸಬೇಡಿ. ಎಷ್ಟು? ಹನಿ ಲೆಕ್ಕ. ಗ್ಲಾಕಿನಲ್ಲಿ ಸ್ಲೈಡಿನ ಎರಡು ತೋಡುಗಳಿಗೆ, ನಳಿಗೆಯ ಹೊರಮೈಗೆ, ಸ್ಲೈಡಿನ ಒಳಗೆ ನಳಿಗೆ ಉಜ್ಜುವ ಜಾಗಕ್ಕೆ. ಎಲ್ಲಕ್ಕಿಂತ ಮುಖ್ಯವಾದ ಹನಿ ಬೀಳಬೇಕಾದ್ದು ಚೌಕಟ್ಟಿನ ಬಲ ಹಿಂಬದಿಯ ಮೂಲೆಯಲ್ಲಿ, ಟ್ರಿಗರಿನಿಂದ ಹಿಂದಕ್ಕೆ ಹೋಗುವ ಪಟ್ಟಿ (ಟ್ರಿಗರ್ ಬಾರ್) ಕನೆಕ್ಟರ್ ಎಂಬ ಪುಟ್ಟ ತಗಡಿಗೆ ತಾಗುವ ಕಡೆ. ಸ್ಟ್ರೈಕರ್ ಓಡಾಡುವ ಕೊಳವೆಗೆ ಮಾತ್ರ ಒಂದು ಹನಿಯೂ ಬೇಡ. ಅಲ್ಲಿ ಎಣ್ಣೆ ಸೇರಿದರೆ ಮಸಿ ಕೂಡಿ ಅಂಟಾಗುತ್ತದೆ, ಸ್ಟ್ರೈಕರಿನ ಪೆಟ್ಟು ಸೋಲುತ್ತದೆ, ಪ್ರೈಮರಿನ ಮೇಲೆ ತೆಳ್ಳಗೆ ಗುರುತು ಬಿದ್ದು ಗುಂಡು ಹಾರುವುದಿಲ್ಲ. "ಪಿಸ್ತೂಲು ಕೆಟ್ಟಿದೆ" ಎಂದು ಕಾರ್ಖಾನೆಗೆ ಹೋದವುಗಳಲ್ಲಿ ಹೀಗೆ ಪ್ರೀತಿಯಿಂದ ಹೆಚ್ಚು ಎಣ್ಣೆ ಕುಡಿದವೂ ಇರುತ್ತವೆ.

ಆಮೇಲೆ ಪ್ರತಿ ಮ್ಯಾಗಝೀನಿನ ತಳಕ್ಕೆ ಬಣ್ಣದಲ್ಲಿ 1, 2, 3 ಎಂದು ಬರೆಯಿರಿ. ಒಂದು ಪುಟ್ಟ ಪುಸ್ತಕದಲ್ಲಿ ತಾರೀಖು, ತೋಟಾದ ಹೆಸರು ಮತ್ತು ಗ್ರೇನ್ (ಗುಂಡಿನ ತೂಕದ ಅಳತೆ), ಮ್ಯಾಗಝೀನ್ ಸಂಖ್ಯೆ, ತಡೆ ಬಂದಿದ್ದರೆ ಎಷ್ಟನೆಯ ಗುಂಡಿಗೆ, ಹೇಗೆ ಸಿಕ್ಕಿಕೊಂಡಿತು, ಇಷ್ಟು ಬರೆಯುತ್ತಾ ಹೋಗಿ. ಎಲ್ಲ ತಡೆಗಳೂ 2ನೇ ಮ್ಯಾಗಝೀನಿನಲ್ಲೇ ಬಂದಿದ್ದರೆ ನಿಮ್ಮ ಪಿಸ್ತೂಲಿಗೆ ರೋಗವಿಲ್ಲ, ಆ ಮ್ಯಾಗಝೀನ್ ಬದಲಾಯಿಸಿ. ಅಭ್ಯಾಸದ ತೋಟಾ 200 ಹೊಡೆಯಿರಿ. ಮನೆ ಕಾವಲಿಗೆ ಇಡುವ ಟೊಳ್ಳು ಮೂತಿಯದನ್ನೂ ಕನಿಷ್ಠ 50 ಹೊಡೆಯಿರಿ, ಏಕೆಂದರೆ ಅದರ ಮೂತಿಯ ಆಕಾರ ಬೇರೆ, ಚೇಂಬರಿನ ಇಳಿಜಾರಿಗೆ ತಾಗುವ ರೀತಿ ಬೇರೆ.

200ರಲ್ಲಿ ಒಂದೂ ತಡೆ ಬರಲಿಲ್ಲ ಎಂದರೆ ಏನು ಸಾಬೀತಾಯಿತು? ಸಂಖ್ಯಾಶಾಸ್ತ್ರದಲ್ಲಿ ಒಂದು ಸುಲಭ ಸೂತ್ರವಿದೆ: 3ನ್ನು ಹೊಡೆದ ಗುಂಡುಗಳ ಸಂಖ್ಯೆಯಿಂದ ಭಾಗಿಸಿ. 200ಕ್ಕೆ ಶೇಕಡಾ 1.5. ಅಂದರೆ ತಡೆಯ ಪ್ರಮಾಣ ನೂರಕ್ಕೆ ಒಂದೂವರೆಗಿಂತ ಕಡಿಮೆ ಎಂದು ಶೇಕಡಾ 95ರಷ್ಟು ಭರವಸೆಯಿಂದ ಹೇಳಬಹುದು, ಅಷ್ಟೇ. 600 ತಡೆಯಿಲ್ಲದೆ ಹೋದರೆ ಶೇಕಡಾ 0.5. "ನನ್ನದು 200 ಹೊಡೆದಿದ್ದೇನೆ, ಒಮ್ಮೆಯೂ ನಿಂತಿಲ್ಲ, ಈ ಬ್ರ್ಯಾಂಡೇ ಶ್ರೇಷ್ಠ" ಎಂದು ಯಾರಾದರೂ ಹೇಳಿದರೆ ಅವರ ಮಾತು ನಿಜ, ಆದರೆ ಅದರಿಂದ ಬ್ರ್ಯಾಂಡಿನ ಬಗ್ಗೆ ತಿಳಿದದ್ದು ಬಹಳ ಕಡಿಮೆ.

ಸ್ಪ್ರಿಂಗು ಸವೆಯುವ ವಸ್ತು. ಹಳೆಯ ಒಂಟಿ ಸ್ಪ್ರಿಂಗಿನ ಗ್ಲಾಕುಗಳಲ್ಲಿ 2,500–3,000 ಗುಂಡಿಗೆ, ಜೋಡಿ ಸ್ಪ್ರಿಂಗಿನವುಗಳಲ್ಲಿ ಸುಮಾರು 5,000ಕ್ಕೆ ಬದಲಾಯಿಸುವುದು ರೂಢಿ. ಪರೀಕ್ಷೆ ಸರಳ. ಮ್ಯಾಗಝೀನ್ ತೆಗೆಯಿರಿ, ಚೇಂಬರನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ ಖಾಲಿ ಎಂದು ಖಚಿತ ಮಾಡಿಕೊಳ್ಳಿ. ಸುರಕ್ಷಿತ ದಿಕ್ಕಿಗೆ ಹಿಡಿದು ಟ್ರಿಗರ್ ಒತ್ತಿ, ಒತ್ತಿಯೇ ಹಿಡಿದುಕೊಳ್ಳಿ. ಮೂತಿಯನ್ನು ಮೇಲಕ್ಕೆತ್ತಿ ಸ್ಲೈಡನ್ನು ಪೂರ್ತಿ ಹಿಂದೆಳೆದು ಮೆಲ್ಲಗೆ ಮುಂದಕ್ಕೆ ಬಿಡುತ್ತಾ ಬನ್ನಿ. ಸ್ಲೈಡ್ ತಾನಾಗಿ ಪೂರ್ತಿ ಮುಚ್ಚಬೇಕು. ಕೊನೆಯಲ್ಲಿ ಸ್ವಲ್ಪ ಬಾಯಿ ಬಿಟ್ಟು ನಿಂತರೆ ಸ್ಪ್ರಿಂಗ್ ಮುಗಿದಿದೆ.

ಇಷ್ಟಾಗಿಯೂ ತಡೆ ನಿಲ್ಲದಿದ್ದರೆ ಈಗ ಕಂಪನಿ. ಕರೆ ಮಾಡುವಾಗ ಆ ಪುಟ್ಟ ಪುಸ್ತಕ ಎದುರಿಗಿರಲಿ. "ಆಗಾಗ ನಿಲ್ಲುತ್ತದೆ" ಎಂದರೆ ಅವರು ಎರಡು ಮ್ಯಾಗಝೀನ್ ಹೊಡೆದು, ಸರಿಯಿದೆ ಎಂದು ವಾಪಸ್ ಕಳಿಸುತ್ತಾರೆ. "ಮೂರು ಮ್ಯಾಗಝೀನಿನಲ್ಲೂ, 115 ಮತ್ತು 124 ಗ್ರೇನ್ ಎರಡರಲ್ಲೂ, 400 ಗುಂಡಿನಲ್ಲಿ 9 ಸಲ ಖಾಲಿ ಕೋಶ ಚೇಂಬರಿನಲ್ಲೇ ಉಳಿಯಿತು" ಎಂದರೆ ಅವರು ನೇರವಾಗಿ ಎಕ್ಸ್‌ಟ್ರಾಕ್ಟರ್ ಮತ್ತು ಚೇಂಬರ್ ನೋಡುತ್ತಾರೆ. ಸಿಕ್ಕಿಕೊಂಡ ಸ್ಥಿತಿಯ ಫೋಟೋ, ಪೆಟ್ಟು ಸೋತ ಪ್ರೈಮರಿನ ಫೋಟೋ ಕಳಿಸಿ. ನೀವು ಹಾಕಿಸಿದ ಹೊರಗಿನ ಟ್ರಿಗರ್, ಸ್ಪ್ರಿಂಗುಗಳನ್ನು ತೆಗೆದು ಮೂಲ ಭಾಗ ಕೂರಿಸಿಯೂ ತಡೆ ಬರುತ್ತದೆಯೇ ಎಂದು ಮೊದಲೇ ನೋಡಿ. ಇಲ್ಲದಿದ್ದರೆ ಅಲ್ಲೇ ಮಾತು ನಿಲ್ಲುತ್ತದೆ. ದೀಪ, ಕೆಂಪುಚುಕ್ಕೆಯ ಸೈಟು ಬಿಚ್ಚಿಟ್ಟುಕೊಳ್ಳಿ. ತೊಂದರೆ ಕೊಟ್ಟ ಮ್ಯಾಗಝೀನನ್ನು ಜೊತೆಗಿಡಿ. ತೋಟಾವನ್ನು ಮಾತ್ರ ಆ ಪೆಟ್ಟಿಗೆಯಲ್ಲಿ ಒಂದನ್ನೂ ಇಡಬೇಡಿ.

ಕಳಿಸುವ ವಿಷಯದಲ್ಲಿ ಕಾನೂನು ನಿಮ್ಮ ಪರ ಇದೆ. ರಿಪೇರಿಗೆಂದು ಮಾಲೀಕರು ನೇರವಾಗಿ ತಯಾರಕರಿಗೆ ಕಳಿಸಬಹುದು, ರಿಪೇರಿಯಾದದ್ದನ್ನು ಅಥವಾ ಅದೇ ಬಗೆಯ ಬದಲಿಯನ್ನು ಅವರು ನಿಮ್ಮ ಮನೆಗೇ ಕಳಿಸಬಹುದು ಎಂದು ಅಮೆರಿಕದ ಕೇಂದ್ರ ಕಾನೂನು ಹೇಳುತ್ತದೆ. ನಿಮ್ಮ ರಾಜ್ಯದ ನಿಯಮ ಬೇರೆ ಇದೆಯೇ ಎಂದು ವಿಚಾರಿಸಿ. ಆದರೆ ಕೊರಿಯರ್ ಕಂಪನಿಗಳು ಈಗ ಸಾಮಾನ್ಯ ಜನರಿಂದ ಪಿಸ್ತೂಲು ತೆಗೆದುಕೊಳ್ಳುವುದನ್ನು ಬಹಳ ಬಿಗಿ ಮಾಡಿವೆ. ಹಾಗಾಗಿ ಫೋನಿನಲ್ಲಿ ಮೊದಲು ಕೇಳಬೇಕಾದ್ದು: "ಹಣ ತುಂಬಿದ ಲೇಬಲ್ ನೀವೇ ಕಳಿಸುತ್ತೀರಾ?" ಹೌದು ಎಂದರೆ ಅರ್ಧ ತೊಂದರೆ ಕಳೆಯಿತು. ವಾಪಸ್ ಬಂದ ಪೆಟ್ಟಿಗೆಯಲ್ಲಿ ಕೆಲಸದ ಚೀಟಿ ಇರುತ್ತದೆ. ಯಾವ ಭಾಗ ಬದಲಾಯಿಸಿದೆವು, ಎಷ್ಟು ಗುಂಡು ಹೊಡೆದು ನೋಡಿದೆವು ಎಂದು ಬರೆದಿದ್ದರೆ ಒಳ್ಳೆಯ ಕಂಪನಿ. "ಪರೀಕ್ಷಿಸಲಾಗಿದೆ" ಎಂದಷ್ಟೇ ಇದ್ದರೆ ಮತ್ತೆ ಕರೆ ಮಾಡಿ, ಏನು ಮಾಡಿದಿರಿ ಎಂದು ಕೇಳಿ. ನಂತರ ಮತ್ತೆ 200 ಗುಂಡು, ಲೆಕ್ಕ ಮೊದಲಿನಿಂದ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅಂಗಡಿಯಲ್ಲೇ, ಹಣ ಕೊಡುವ ಮುನ್ನ, ಸೀರಿಯಲ್ ನಂಬರನ್ನು ಒಂದು ಚೀಟಿಗೆ ಬರೆದುಕೊಂಡು ತಯಾರಕರ ರಿಕಾಲ್ ಪುಟದಲ್ಲಿ ಹಾಕಿ ನೋಡಿ. ಹಳೆಯ ಮಾಲೀಕರಿಗೆ ಹೋದ ಎಚ್ಚರಿಕೆಯ ಪತ್ರ ನಿಮಗೆ ಬರುವುದಿಲ್ಲ. ಆ ಪುಟದಲ್ಲಿ ಸಿಗದಿದ್ದರೆ ಫೋನು ಮಾಡಿ, ನಂಬರ್ ಓದಿ ಹೇಳಿ, ಬಾಕಿ ಉಳಿದ ತಿದ್ದುಪಡಿ ಇದೆಯೇ ಎಂದು ಕೇಳಿ. ಎರಡನೆಯ ಮಾಲೀಕರಿಗೂ ಅದನ್ನು ಉಚಿತವಾಗಿ ಮಾಡಿಕೊಡುತ್ತೀರಾ ಎಂದು ಅದೇ ಕರೆಯಲ್ಲಿ ಕೇಳಿ, ಉತ್ತರ ಕೊಟ್ಟವರ ಹೆಸರು, ತಾರೀಖು ಬರೆದಿಟ್ಟುಕೊಳ್ಳಿ.